ಯಶವಂತನಗರದಿಂದ ಹಸಿರು ಮುಚ್ಚಳದ ಟ್ಯೂಬು

ಟ್ಯೂಬಿನ ಮುಚ್ಚಳ ಹಸಿರು. ಒಳಗೆ ಎರಡು ಮಿಲಿಲೀಟರ್ ರಕ್ತ. ಅದು ಎರಡು ವರ್ಷದ ರೇಣುಕಾಳದು. ಕತ್ತಲಾಗುವ ಮೊದಲು ಅದನ್ನು ಹೊಸಪೇಟೆಯ ನಮ್ಮ ಪ್ರಯೋಗಾಲಯಕ್ಕೆ ಮುಟ್ಟಿಸಬೇಕಿತ್ತು.

ಬೆಳಗ್ಗೆ ಹೊಸಪೇಟೆಯಿಂದ ಯಶವಂತನಗರಕ್ಕೆ ಹೋಗಲು ಮೂರು ಗಂಟೆ ಹಿಡಿದಿತ್ತು. ದಾರಿಯುದ್ದಕ್ಕೂ ಅದಿರಿನ ಲಾರಿಗಳು. ಬಸ್ಸಿನ ಕಿಟಕಿ ಮುಚ್ಚಿದ್ದರೂ ನನ್ನ ದುಪಟ್ಟಾ ಕೆಂಪಾಗಿತ್ತು.

ಮಗುವಿನ ತಂದೆ ಹುಲಿಗೆಪ್ಪ ಅಲ್ಲಿ ಲಾರಿ ಬ್ಯಾಟರಿಗಳನ್ನು ಬಿಚ್ಚಿ, ಸೀಸ ಕರಗಿಸಿ, ಮತ್ತೆ ಜೋಡಿಸುತ್ತಾರೆ. ಅವರ ಅಂಗೈಯ ಗಾಯ ತಿಂಗಳುಗಟ್ಟಲೆ ಮಾಯ್ದಿರಲಿಲ್ಲ. ಮೊದಲೇ ಪರೀಕ್ಷಿಸಿದ್ದ ಅವರ ರಕ್ತದಲ್ಲಿ ಸೀಸ ಹೆಚ್ಚಿತ್ತು. ಬಿಳಿ ಕಣಗಳ ಸಂಖ್ಯೆಯೇನೋ ಸರಿಯಾಗಿತ್ತು. ಆದರೆ ರೋಗಾಣುಗಳನ್ನು ನುಂಗಬೇಕಾದ ಆ ಕಣಗಳು ಸುಮ್ಮನೆ ಪಕ್ಕದಲ್ಲಿ ನಿಂತಿದ್ದವು. ಈಗ ಮಗುವಿಗೂ ಮೇಲಿಂದ ಮೇಲೆ ಜ್ವರ, ಕಿವಿ ಸೋರುವುದು.

ಅವರ ಮನೆಯೊಳಗೆ ತೊಟ್ಟಿಲಲ್ಲಿ ಹಾಸಿದ್ದ ಅಂಗಿ ನೋಡಿ ನಾನು ನಿಂತುಬಿಟ್ಟೆ.

“ಅಪ್ಪನ ವಾಸನಿ ಇದ್ರನ ಮಲಗತಾಳ್ರಿ,” ಎಂದರು ತಾಯಿ ಯಲ್ಲಮ್ಮ. “ಹುಟ್ಟಿದಾಗಿಂದ ಹಂಗ.”

ಅದು ಕೆಲಸದ ಅಂಗಿ, ಅದರ ತುಂಬ ಸೀಸದ ಧೂಳಿದೆ ಎಂದೆ. ಅವರು ಅದನ್ನು ಎಳೆದು ಹೊರಗೆಸೆದರು. “ನಾನ ಹಾಸೀನಲ್ರಿ ಅಕ್ಕಾರ,” ಎಂದು ಅಲ್ಲೇ ಕುಳಿತರು.

ಊರಿನ ನರ್ಸ್ ಬಂದು ಮಗುವಿನ ರಕ್ತ ತೆಗೆದ ಮೇಲೆ ಹುಲಿಗೆಪ್ಪ ಸೋಡಾ ಅಂಗಡಿಯ ಐಸ್ ಹಿಡಿದು ಬಸ್ಸಿನವರೆಗೂ ಓಡಿಬಂದರು. “ಇದರಾಗ ಇಡ್ರಿ, ಕೆಡಾಂಗಿಲ್ಲ.”

“ಬ್ಯಾಡ್ರಿ. ಜೀವ ಇರೋ ಕಣ ಅವು. ಥಂಡಿಗೆ ಕೆಲಸ ನಿಲ್ಲಸ್ತಾವ.”

“ಹಂಗಾರ ನಮ್ಮ ಲಾರಿ ಡ್ರೈವರ್ ಇದ್ದಂಗ ಬಿಡ್ರಿ!”

ಸಂಡೂರು ದಾಟಿದ ಮೇಲೆ ಲಾರಿಗಳ ಸಾಲಿನಲ್ಲಿ ಸಿಕ್ಕಿ ಬಸ್ಸು ಒಂದು ಗಂಟೆ ಕದಲಲಿಲ್ಲ. ಟ್ಯೂಬನ್ನು ಬಿಸಿಲಿಗೆ ತಾಗದಂತೆ ಮಡಿಲಲ್ಲಿಟ್ಟುಕೊಂಡು ಕುಳಿತೆ.

ಸಂಜೆ ಮಗುವಿನ ಬಿಳಿ ಕಣಗಳಿಗೆ ರೋಗಾಣುಗಳ ಬದಲು ಈಸ್ಟ್ ಬೆರೆಸಿ, ಅರ್ಧ ಗಂಟೆ ಕಾದು, ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಒಂದು ಕಣ ಎರಡು ಈಸ್ಟ್ ನುಂಗಿತ್ತು. ಪಕ್ಕದ್ದು ಮೂರು. ಇನ್ನೊಂದು ನಾಲ್ಕು ನುಂಗಿ ಊದಿಕೊಂಡಿತ್ತು. ಮಧ್ಯಾಹ್ನದಿಂದ ಏನೂ ತಿಂದಿಲ್ಲವೆಂಬುದು ನನಗೆ ಆಗ ನೆನಪಾಯಿತು.

ಮರುದಿನ ಬೆಳಗ್ಗೆ ಹುಲಿಗೆಪ್ಪನವರಿಗೆ ಫೋನ್ ಮಾಡಿದೆ. “ಕಣ ಚಲೋ ನುಂಗತಾವ್ರಿ. ಸೀಸದ ರಿಪೋರ್ಟ್ ಇನ್ನ ಬರಬೇಕು. ಅಂಗಿ ಮಾತ್ರ ಮತ್ತ ಹಾಸಬ್ಯಾಡ್ರಿ.”

“ಹಾಸೀವ್ರಿ!” ಎಂದರು. ನಾನು ಬೆಚ್ಚುವಷ್ಟರಲ್ಲಿ ನಕ್ಕರು. “ಮದುವಿ ಅಂಗಿರಿ, ಟ್ರಂಕಿನ್ಯಾಗಿಂದು. ಜಳಕ ಮಾಡಿ ಸಂಜಿಯೆಲ್ಲ ಹಾಕ್ಕೊಂಡಿದ್ದೆ, ರಾತ್ರಿ ಹಾಸಿದ್ವಿ. ಗುಂಡಿ ಕೂಡಲಿಲ್ಲ, ವಾಸನಿ ಮಾತ್ರ ಕುಂತೈತಿ. ಇನ್ನೂ ಎದ್ದಿಲ್ಲ ನೋಡ್ರಿ ನಮ್ಮವ್ವ ರೇಣುಕಾ.”

“ಇವತ್ತ ನಿಮ್ಮ ಕೈ ಡಾಕ್ಟರಿಗೆ ತೋರಸೂಣು, ಹೊಸಪೇಟಿಗೆ ಬರ್ರಿ,” ಎಂದೆ. ಅವರ ಬಸ್ಸು ತಡವಾಗುತ್ತದೆಂದು ಗೊತ್ತಿದ್ದೂ, ಹತ್ತು ಗಂಟೆಗೇ ನಿಲ್ದಾಣಕ್ಕೆ ಹೋಗಿ ಕುಳಿತೆ.