ಕಾಂಡಕ್ಕೆ ಕಟ್ಟಿದ ಕಟ್ಟು

ಗಿಡದ ಕಾಂಡ ಸೀಳುವಾಗ ಆಗುವ ಸದ್ದು ಹಪ್ಪಳ ಮುರಿದದ್ದಕ್ಕಿಂತ ದೊಡ್ಡದಲ್ಲ. ಆದರೂ ಶ್ರಾವಣದ ಒಂದು ಮುಂಜಾನೆ, ಅಥಣಿಯ ನನ್ನ ಬಾಡಿಗೆ ಮನೆಯ ಹಿತ್ತಿಲಲ್ಲಿ ಗಾಳಿಯ ಹೊಡೆತಕ್ಕೆ ಆ ಸದ್ದಾದಾಗ, ಬಾಯಲ್ಲಿ ಬ್ರಷ್ ಕಚ್ಚಿಕೊಂಡೇ ನಾನು ಓಡಿದ ರಭಸವನ್ನು ನೀವು ಕಂಡಿದ್ದರೆ, ಪಾಪ, ಮನೆಯಲ್ಲಿ ಯಾರಿಗೋ ಏನೋ ಆಗಿರಬೇಕು ಎಂದು ಮರುಗುತ್ತಿದ್ದಿರಿ. ಆಗಿದ್ದು ಗಿಡಕ್ಕೆ. ಆ ಗಿಡ ಗಾಂಜಾದ್ದು.

ಹೇಳಿಬಿಟ್ಟೆ. ಇನ್ನು ಮುಚ್ಚಿಡಲು ಉಳಿದಿರುವುದು ನನ್ನ ಮುಖ ಮಾತ್ರ. ನಾನಾಗ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಶಿಕ್ಷಕ; ಹೆಂಡತಿಯ ನೌಕರಿ ಚಿಕ್ಕೋಡಿಯಲ್ಲಿದ್ದುದರಿಂದ ವಾರಕ್ಕೆ ಐದು ದಿನ ಒಂಟಿ, ಎರಡು ದಿನ ಸಂಸಾರಿ. ಪ್ರತಿ ವರ್ಷ ಮಾದಕ ವಸ್ತು ವಿರೋಧಿ ದಿನದಂದು ಹಲಗೆಯ ಮೇಲೆ ಆ ಏಳು ಬೆರಳಿನ ಎಲೆಯನ್ನು ಅಂದವಾಗಿ ಬರೆದು, ಮಕ್ಕಳ ಕಣ್ಣಲ್ಲಿ ನೀರು ಬರುವಂತೆ ಭಾಷಣ ಮಾಡುವ ಹೊಣೆ ನನ್ನದೇ ಆಗಿತ್ತು. ಅಂಥ ಉಪದೇಶಕನ ಬಚ್ಚಲಿನ ಹಿಂದೆ ಆ ಎಲೆ ಸಜೀವವಾಗಿ ತೂಗುತ್ತಿದ್ದುದಕ್ಕೆ ನಾನು ಕೊಟ್ಟುಕೊಂಡಿದ್ದ ಹೆಸರು ‘ಸಸ್ಯಶಾಸ್ತ್ರೀಯ ಕುತೂಹಲ’. ನಿಜ ಇಷ್ಟೇ: ಕಾಲೇಜಿನ ದಿನಗಳಲ್ಲಿ ಒಂದು ಹೋಳಿ ಹಬ್ಬದಂದು ಗೆಳೆಯರೊಡನೆ ಭಂಗಿ ಕುಡಿದು ಸಂಜೆಯವರೆಗೆ ನಕ್ಕಿದ್ದೆ; ಐವತ್ತು ಸಮೀಪಿಸಿದಾಗ ಆ ನಗು ಇನ್ನೊಮ್ಮೆ ಬೇಕೆನಿಸಿತು. ಭೋಜ ಎಂಬ ಊರಿನ ಗೆಳೆಯನೊಬ್ಬ ಕಾಗದದಲ್ಲಿ ಮಡಚಿ ಬೀಜ ಕೊಟ್ಟ. ಒಂದೇ ಒಂದು ಮೊಳೆಯಿತು.

ಕವಲೊಡೆಯುವಲ್ಲಿ ಕಾಂಡ ಗೇಣುದ್ದ ಸೀಳಿ, ಅರ್ಧ ಗಿಡ ನೆಲಕ್ಕೆ ಬಾಗಿತ್ತು. ಪಾಠದಲ್ಲಿ ಕಾಂಡದ ಅಡ್ಡಕೊಯ್ತವನ್ನು ನೂರು ಸಲ ಬರೆಸಿದ್ದ ನನಗೆ ಉದ್ದಕ್ಕೆ ಸೀಳಿದ ಕಾಂಡವನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಎರಡು ಕೈಯಿಂದ ಅದನ್ನು ಒತ್ತಿ ಹಿಡಿದು ನಿಂತಿದ್ದಾಗ ಪಕ್ಕದ ಮನೆಯ ಚಂಪಕ್ಕ ಗೋಡೆಯಾಚೆಯಿಂದ ಇಣುಕಿದರು. ಅರವತ್ತು ದಾಟಿದ ಜೈನ ಹೆಂಗಸು. ದ್ರಾಕ್ಷಿ ತೋಟದಲ್ಲಿ ಆಯುಷ್ಯ ಕಳೆದವರು. ಮಳೆಗಾಲದ ನಾಲ್ಕು ತಿಂಗಳು, ಎಲೆಯ ಮೇಲಿನ ಸಣ್ಣ ಜೀವ ಸತ್ತೀತೆಂದು ಸೊಪ್ಪನ್ನೇ ಮುಟ್ಟದವರು. ಯಾತರ ಗಿಡ ಎಂದು ಕೇಳಿದರು. ಹಿಮಾಲಯದ ಔಷಧಿ, ಮೈಕೈ ನೋವಿಗೂ ನಿದ್ದೆಗೂ ಒಳ್ಳೆಯದು ಎಂದೆ. ಸುಳ್ಳಿಗೆ ಇಷ್ಟು ವಿವರ ಬೇಕಿರಲಿಲ್ಲ. ಶಿಕ್ಷಕನಲ್ಲವೇ, ವಿವರಿಸುವ ಚಟ.

ಚಂಪಕ್ಕ ಹಳೆಯ ಸೀರೆಯ ಅಂಚು ಹರಿದು ತಂದರು. ಸೀಳನ್ನು ಕೂಡಿಸಿ, ಬಿಗಿಯೂ ಅಲ್ಲದ ಸಡಿಲೂ ಅಲ್ಲದ ಹದದಲ್ಲಿ ಸುತ್ತಿ, ಮೇಲೆ ಹಸಿಮಣ್ಣು ಮೆತ್ತಿ, ಬಿದಿರಿನ ಊರುಗೋಲು ಕೊಟ್ಟರು. ಆಮೇಲೆ ದಿನವೂ ಬಂದು ನೋಡಿದರು. ಹದಿನೈದು ದಿನಕ್ಕೆ ಗಾಯ ಕೂಡಿ, ಅಲ್ಲಿ ಗಂಟಿನಂಥ ಉಬ್ಬು ಬಂತು. ಇಬ್ಬರಲ್ಲಿ ಹೆಚ್ಚು ಹಿಗ್ಗಿದವರು ಅವರೇ.

ಒಂದು ಸೋಮವಾರ ಚಿಕ್ಕೋಡಿಯಿಂದ ಮರಳಿದಾಗ ಕೆಳಗಿನ ಎಲೆಗಳಿರಲಿಲ್ಲ. ಗೋಡೆಯಾಚೆಯಿಂದ ಚಂಪಕ್ಕನೇ ಸಂತೋಷದಿಂದ ತಿಳಿಸಿದರು: ಸೊಸೆ ಸುಜಾತಾ ಕೂಸಿನೊಡನೆ ತವರಿನಿಂದ ಬಂದಿದ್ದಾಳೆ, ಹೆರಿಗೆಯ ನಂತರದ ಬೆನ್ನುನೋವಿಗೆ ನಿದ್ದೆಯಿಲ್ಲ, ಔಷಧಿಯಲ್ಲವೇ ಎಂದು ಸೊಪ್ಪಿನ ನೇಮವನ್ನೂ ಬದಿಗಿಟ್ಟು ಮೂರು ದಿನದಿಂದ ನನ್ನ ಗಿಡದ ಎಲೆಯ ಕಷಾಯ ಕೊಡುತ್ತಿದ್ದಾರೆ. ಮಾತು ಮುಗಿಸಿ ಅವರು ಬಸದಿಗೆ ಹೊರಟರು.

ಮೊಲೆಯೂಡುವ ತಾಯಿ. ಚಪ್ಪಲಿ ಮರೆತು ಅವರ ಮನೆಗೆ ಓಡಿದೆ. ಬಾಗಿಲಲ್ಲಿ ನಿಂತ ಸುಜಾತಾ ನನ್ನ ಹಳೆಯ ವಿದ್ಯಾರ್ಥಿನಿ; ನಾನೇ ಬರೆದುಕೊಟ್ಟ ದುಶ್ಚಟದ ಭಾಷಣವನ್ನು ಬಾಯಿಪಾಠ ಮಾಡಿ ಬಹುಮಾನ ಗೆದ್ದವಳು. ನಾನು ತೊದಲುತ್ತ ಆರಂಭಿಸುವುದರೊಳಗೆ ಅವಳೇ ತಗ್ಗಿದ ದನಿಯಲ್ಲಿ ಹೇಳಿದಳು:

“ನಾ ಕುಡದಿಲ್ರಿ ಸರ. ಮೊದಲ್ನೇ ದಿನಾನ ಎಲಿ ನೋಡಿ ಗುರತ ಹಿಡದೆ. ನೀವ ಹಲಗಿ ಮ್ಯಾಲ ಬರದ ತೋರ್ಸಿದ್ರಲ್ಲ. ಮೂರೂ ದಿನ ಬಚ್ಚಲಕ್ಕ ಚೆಲ್ಲೇನಿ.”

ಅತ್ತೆಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ನನ್ನ ಮುಖ ನೋಡದೆ, ಕೂಸಿನ ತಲೆಯ ಕುಂಚಿಗೆ ಸರಿಪಡಿಸುತ್ತ ಅಂದಳು: “ನಿಮ್ಮ ಹೆಸರ ಹೋಗ್ತಿತ್ತಲ್ರಿ.”

ನಾನು ಕಲಿಸಿದ ಪಾಠ ಅವಳಿಗೆ ಬಂದಿತ್ತು, ಕಲಿಸಿದವನಿಗೆ ಬಂದಿರಲಿಲ್ಲ. ಮನೆಗೆ ಬಂದು ಗಿಡವನ್ನು ಬೇರುಸಹಿತ ಕಿತ್ತು, ತುಂಡರಿಸಿ, ನೀರಿನ ಒಲೆಗೆ ಹಾಕಿದೆ. ಹಸಿ ಕಾಂಡ ಹೊಗೆಯಾಡಿತು. ಕಟ್ಟಿದ್ದ ಜಾಗ ಮಾತ್ರ ಎಷ್ಟು ಬಗ್ಗಿಸಿದರೂ ಮುರಿಯಲಿಲ್ಲ, ಕೊಡಲಿ ಬೇಕಾಯಿತು.

ವಿಷಯ ಅಲ್ಲಿಗೇ ಮುಗಿಸಬಹುದಿತ್ತು; ಸುಜಾತಾ ಮುಗಿಸಿಕೊಟ್ಟೂ ಇದ್ದಳು. ಆದರೆ ಮರುದಿನ ಬೆಳಿಗ್ಗೆ ಬಂದ ಚಂಪಕ್ಕ ಖಾಲಿ ಗುಂಡಿಯ ಮುಂದೆ ಬಹಳ ಹೊತ್ತು ನಿಂತರು. ಗಿಡ ಸತ್ತಿತೆಂದೇ ಅವರು ತಿಳಿದರು. “ನನ್ನ ಕಟ್ಟ ಬಿಗಿ ಆಗಿರ್ಬೇಕ್ರಿ ಸರ,” ಎಂದು ತಮ್ಮ ಎರಡು ಕೈಗಳನ್ನೂ ತಿರುಗಿಸಿ ನೋಡಿಕೊಂಡರು. ಆ ಕೈಗಳನ್ನು ನೋಡುತ್ತ ಇನ್ನೊಂದು ಸುಳ್ಳು ಹೇಳಲು ನನ್ನಿಂದಾಗಲಿಲ್ಲ. ಎಲ್ಲವನ್ನೂ ಹೇಳಿದೆ: ಬೀಜ, ಹೋಳಿ, ಹಿಮಾಲಯ, ಬಚ್ಚಲಿಗೆ ಹೋದ ಕಷಾಯ.

ಅವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತರು. ಒಂದೇ ಮಾತು ಕೇಳಿದರು: “ಖರೇನ ಒಂದ ಗುಟುಕೂ ಕುಡದಿಲ್ಲೇನ್ರಿ?” ಇಲ್ಲವೆಂದೆ. ಎದ್ದು ಹೋದರು.

ಮರುದಿನ ಅವರು ನೀರೂ ಮುಟ್ಟದ ಉಪವಾಸ ಹಿಡಿದರೆಂದು ಸುಜಾತಾಳಿಂದ ತಿಳಿಯಿತು. ಅರಿಯದೆ ವಿಷ ಕುದಿಸಿದ್ದಕ್ಕೆ ಪ್ರಾಯಶ್ಚಿತ್ತ. ಅರಿತು ಬೆಳೆದವನು ಸುಮ್ಮನಿರುವುದು ಹೇಗೆ? ನಾನೂ ಉಪವಾಸವೆಂದು ನಿಶ್ಚಯಿಸಿ ಅವಳಿಗೂ ಹೇಳಿದೆ. ಹನ್ನೊಂದಕ್ಕೆ ತಲೆ ಸುತ್ತಿದಂತಾಯಿತು. ಹನ್ನೆರಡೂವರೆಗೆ ಸ್ಟಾಫ್ ರೂಮಿನಲ್ಲಿ ಯಾರದೋ ಡಬ್ಬಿಯ ರೊಟ್ಟಿ, ಪುಂಡಿಪಲ್ಯೆ ನನ್ನ ಕೈಯಲ್ಲಿತ್ತು. ಎರಡನೆಯ ರೊಟ್ಟಿಯನ್ನೂ ತಿಂದೆ.

ಉಪವಾಸ ಮುಗಿದ ಬೆಳಿಗ್ಗೆ ಚಂಪಕ್ಕ ಗೋಡೆಯ ಬಳಿ ಬಂದರು. ಮುಖ ಬಾಡಿತ್ತು. ಸುಜಾತಾ ಹೇಳಿರಬೇಕು, ಸರ್ ಕೂಡ ಉಪವಾಸವಂತೆ ಎಂದು.

“ನೀವು ಯಾಕ ಉಪಾಸ ಕುಂತ್ರಿ ಸರ? ನಿಮಗ ರೂಢಿ ಇಲ್ಲ. ಏನರ ಉಂಡ್ರಿಲ್ಲೋ?”

“ಉಂಡೇನ್ರಿ, ಚಂಪಕ್ಕ. ನಿನ್ನೆ ಮಧ್ಯಾಹ್ನಾನ ಉಂಡೆ,” ಎಂದೆ.

ಛಲೋ ಆತು ಬಿಡ್ರಿ ಎಂದು ಅವರು ಒಳಗೆ ಹೋದರು. ನಾನು ಅವರಿಗೆ ಹೇಳಿದ ಎರಡನೆಯ ನಿಜ ಅದು, ಮೊದಲನೆಯದಕ್ಕಿಂತ ಕಷ್ಟವಾಯಿತು.