ನಾಗತ್ತೆ ಹತ್ತಿದರೆ ಆರುವ ದೀಪ

ಆ ಸಂಜೆ ಶ್ರೀನಿವಾಸಪುರದಿಂದ ಕೋಲಾರಕ್ಕೆ ಹೊರಟ ಕಾರಿನಲ್ಲಿದ್ದವರು ಮೂವರು. ಸ್ಟಿಯರಿಂಗ್ ಹಿಡಿದವನು ಕಾರಿನ ಒಡೆಯನಾದ ನಮ್ಮಣ್ಣ. ಪಕ್ಕದಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಾದ ನಾನು. ಹಿಂದೆ ನಮ್ಮ ಸೋದರತ್ತೆ ನಾಗತ್ತೆ. ಊರು ದಾಟಿ ಮೈಲಿಯಾಗಿರಲಿಲ್ಲ, ಮೀಟರಿನ ದೀಪ ಪಕ್ಕನೆ ಆರಿತು. ಇಳಿದು ನೋಡಿದರೆ ಹಿಂದಿನ ಕೆಂಪು ದೀಪಗಳೂ ಇಲ್ಲ. ಫ್ಯೂಸು ಹೋಗಿತ್ತು. ಆ ತಿಂಗಳಲ್ಲಿ ಅದು ಮೂರನೆಯ ಸಲ. ಮೂರು ಸಲವೂ ಹಿಂದಿನ ಸೀಟಿನಲ್ಲಿದ್ದವಳು ನಾಗತ್ತೆಯೇ.

"ನಮ್ ಕಾರಿಗೆ ಸ್ವಿಚ್ಚೇ ಬೇಡ ಕಣೋ," ಅಣ್ಣ ದನಿ ತಗ್ಗಿಸಿ ಎಂದ. "ಅತ್ತೆ ಹತ್ತಿದ್ರೆ ಸಾಕು, ದೀಪ ತಾನಾಗೇ ಆರೋಗ್ತದೆ."

ನಾನು ನಕ್ಕೆ. ಇದನ್ನು ಬರೆಯಲು ಕೂತಿರುವುದೇ ಆ ನಗುವನ್ನು ಒಪ್ಪಿಕೊಳ್ಳುವುದಕ್ಕೆ. ಅಣ್ಣನದು ರೇಷ್ಮೆಗೂಡಿನ ಹರಾಜಿನಲ್ಲಿ ಪಳಗಿದ ಗಂಟಲು. ಅವನ ಪಿಸುಮಾತು ಎರಡು ಹೊಲದಾಚೆಗೂ ಮುಟ್ಟುತ್ತದೆ. ಹಿಂದಿನ ಸೀಟಿಗೆ ಮುಟ್ಟದೆ ಇರುತ್ತದೆಯೇ? ಗಂಡ ತೀರಿಕೊಂಡ ಮೇಲೆ ಮಂಗಳಕಾರ್ಯಗಳಲ್ಲಿ ಯಾರೂ ಹೇಳದಿದ್ದರೂ ತಾನೇ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುವವಳು ನಮ್ಮತ್ತೆ. ಅವತ್ತು ಕೋಲಾರ ಬರುವ ತನಕ ಅವಳು ಸೀಟಿನ ಮೂಲೆಗೆ ಸರಿದು ಕಿಟಕಿಯಾಚೆಗೇ ನೋಡುತ್ತಿದ್ದಳು.

ವಾರದಲ್ಲಿ ಅವಳಿಂದ ಸುದ್ದಿ ಬಂತು. ನಮ್ಮ ತಂಗಿ ಪದ್ಮಳ ಮದುವೆ ಮಾಲೂರಿನ ಛತ್ರದಲ್ಲಿ ಗೊತ್ತಾಗಿತ್ತು. 'ಹೆಣ್ಣನ್ನು ಕರೆದೊಯ್ಯುವ ಕಾರಿನಲ್ಲಿ ನಾನು ಬೇಡ, ಬಸ್ಸಿನಲ್ಲಿ ಬಂದು ಅಕ್ಷತೆ ಹಾಕಿ ಹೋಗುತ್ತೇನೆ' ಎಂದು ಹೇಳಿ ಕಳಿಸಿದ್ದಳು. ಅಮ್ಮ ಕಾಯಿಲೆ ಮಲಗಿದ್ದಾಗ ಪದ್ಮಳನ್ನು ಐದು ವರ್ಷ ಎತ್ತಿ ಆಡಿಸಿ ಸಾಕಿದವಳು ಈ ಅತ್ತೆ. ಪದ್ಮ ಸೀರೆಗಳ ರಾಶಿಯ ನಡುವೆ ಕೂತು, "ಅತ್ತೆ ಬಸ್ಸಲ್ಲಿ ಬಂದ್ರೆ ನಾನೂ ಬಸ್ಸಲ್ಲೇ ಹೋಗ್ತೀನಿ. ಬಾಸಿಂಗ ಕಟ್ಕೊಂಡು ಕಂಡಕ್ಟರ್ ಪಕ್ಕ ನಿಂತ್ಕೊತೀನಿ, ನೋಡಿ ಬೇಕಾದ್ರೆ!" ಎಂದಳು. ಅವಳು ಅಂದಿದ್ದನ್ನು ಮಾಡುವವಳೇ.

ವಿದ್ಯುತ್ತಿನ ಪಾಠ ಹೇಳುವವನು ಮನೆಯಲ್ಲೇ ಇರುವಾಗ ಚಿಂತೆ ಯಾಕೆ ಎಂದು ನಾನು ಬಾನೆಟ್ ಎತ್ತಿದೆ. ಕಪ್ಪುಹಲಗೆಯ ಮೇಲೆ ನಾನು ಬರೆಯುವ ವೈರುಗಳು ನೇರವಾಗಿರುತ್ತವೆ. ಇಲ್ಲಿ ನೋಡಿದರೆ ಶಾವಿಗೆ ಸುರಿದ ಹಾಗೆ. ಎರಡು ಭಾನುವಾರ ಬಗ್ಗಿ ಹುಡುಕಿದ್ದಕ್ಕೆ ಸಿಕ್ಕಿದ್ದು ಸೊಂಟನೋವು. ಕೊನೆಗೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವನ್ನು ಫ್ಯೂಸಿಗೆ ಸುತ್ತಿ ಜಾಣನಾದೆ. ಕೋಲಾರದ ಕರೀಂ ಸಾಬರು ಅದನ್ನು ಚಿಮಟದಲ್ಲಿ ಎತ್ತಿ ಹಿಡಿದು ನೋಡಿದರು. ನಂಗಲಿಯ ಲಾರಿಗಳಿಗೆ ವೈರಿಂಗ್ ಮಾಡಿ ತಲೆ ನರೆತ ಮನುಷ್ಯ.

"ಇದ್ಯಾರು ಹಾಕಿದ್ದು?"

ಅಣ್ಣ ನನ್ನ ಕಡೆ ನೋಡಿದ.

"ಮಕ್ಳಿಗೂ ಇದೇ ಹೇಳ್ಕೊಡ್ತೀರಾ ಮೇಷ್ಟ್ರೇ? ಫ್ಯೂಸ್ ಸುಡದಿದ್ರೆ ಕಾರು ಸುಡ್ತದೆ." ಆಮೇಲೆ ಕೇಳಿದರು: "ಯಾವಾಗ ಹೋಗ್ತದೆ? ಯಾರ್ಯಾರು ಕೂತಿದ್ರು?"

ನಮ್ಮ ಹಿರಿಯರು ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದರು. ಪಂಡಿತರು ಅದನ್ನೇ ಕಾಕತಾಳೀಯ ಎಂದು ತಾಳೆಮರಕ್ಕೇರಿಸಿದರು. ಅತ್ತೆಯ ವಿಷಯ ಹೇಳಿ, ಇದು ಬರೀ ಕಾಕತಾಳೀಯ ಎಂದು ನಾನೂ ಸಾಬರಿಗೆ ಪಾಠ ಒಪ್ಪಿಸಿದೆ.

"ಆ ಪಾರ್ಟು ನಮ್ಮತ್ರ ಇಲ್ಲ ಸಾರ್," ಎಂದರು ಅವರು. "ಲೋಡ್ ಆದಾಗ ಕೆಡೋ ಗಾಡೀನ ಖಾಲಿ ತಂದು ತೋರಿಸಿದ್ರೆ ಏನ್ ನೋಡೋದು? ಆ ಅಮ್ಮನ್ನ ಕರ್ಕೊಂಡ್ ಬನ್ನಿ."

ಬಸ್ಸು ಹತ್ತಿ ಅತ್ತೆಯ ಮನೆಗೆ ಹೋದೆ. ನಕ್ಕಿದ್ದು ತಪ್ಪಾಯಿತೆಂದೆ, ಸಾಬರು ಕರೆದದ್ದನ್ನೂ ಹೇಳಿದೆ. "ಮೇಷ್ಟ್ರು ಅಲ್ವೇನೋ, ಪರೀಕ್ಷೆ ಮಾಡ್ದೆ ಹೆಂಗಿರ್ತೀಯ!" ಎಂದಳು. ಕೋಪ ಬಂದರೆ ಅತ್ತೆಗೆ ತೆಲುಗು ಬರುತ್ತದೆ. "ಸರೇ, ಪದರಾ, ನಡಿ ಹೋಗೋಣ" ಎನ್ನುತ್ತಾ ಎದ್ದವಳು, ಮೂಲೆಯಲ್ಲಿದ್ದ ಮಂಕರಿಗೆ ಮಾವಿನಕಾಯಿ ತುಂಬತೊಡಗಿದಳು. ಕೋಪವಿರಲಿ, ಪ್ರೀತಿಯಿರಲಿ, ಯಾರ ಮನೆಗೂ ಅವಳು ಬರಿಗೈಯಲ್ಲಿ ಹೋದವಳಲ್ಲ. ಆ ದೊಡ್ಡ ಬಿದಿರುಬುಟ್ಟಿ ನಮ್ಮೊಂದಿಗೆ ಬಸ್ಸಿನ ಮೇಲೇರಿ ಕೋಲಾರಕ್ಕೆ ಬಂತು.

ಸಾಬರು ಫ್ಯೂಸಿನ ಜಾಗಕ್ಕೆ ಒಂದು ದೊಡ್ಡ ಬಲ್ಬು ಸಿಕ್ಕಿಸಿದ್ದರು. ಎಲ್ಲಾದರೂ ವೈರು ತಗಡಿಗೆ ತಾಕಿದರೆ ಅದು ಝಗ್ಗನೆ ಉರಿಯುತ್ತದೆ. ಇಲ್ಲದಿದ್ದರೆ ಮಂಕಾಗಿ ಕೂತಿರುತ್ತದೆ. ಅತ್ತೆ ಸೆರಗು ಬಿಗಿದು ಹಿಂದಿನ ಸೀಟಿನಲ್ಲಿ ಕೂತಳು. ನಾವೆಲ್ಲ ಬಲ್ಬನ್ನೇ ನೋಡುತ್ತಾ ನಿಂತೆವು. ಮಂಕು.

"ಸ್ವಲ್ಪ ಕುಲುಕಾಡಿ ಅಮ್ಮಾ."

ಕುಲುಕಾಡಿದಳು. ಮಂಕು.

"ಇನ್ನೂ ಕೂರ್ಬೇಕೇನಪ್ಪಾ?" ಒಳಗಿನಿಂದ ಅತ್ತೆಯ ದನಿ ಬಂತು. "ನನ್ ಶನಿ ಇವತ್ತು ರಜಾ ಹಾಕೈತೆ ಅಂತ ಕಾಣ್ತದೆ."

ಅಣ್ಣ ನೆಲ ನೋಡುತ್ತಿದ್ದ. ಅತ್ತೆ ಇಳಿದು, ಸೆರಗು ಕೊಡವಿ, "ಆ ಮಂಕರಿ ಪದ್ಮಂಗೆ ಕೊಡ್ರೋ. ನಾನು ಬಸ್ಸಿಗೆ ಹೋಗ್ತೀನಿ" ಎಂದಳು. ಅಣ್ಣ ಡಿಕ್ಕಿ ತೆಗೆದು, ಎಂದಿನಂತೆ ಮಂಕರಿಯನ್ನು ಸ್ಟೆಪ್ನಿಯ ಪಕ್ಕದ ಎಡಮೂಲೆಗೆ ತುರುಕಿದ.

ಬಲ್ಬು ಝಗ್ಗನೆ ಹೊತ್ತಿಕೊಂಡಿತು!

ತೆಗೆದರೆ ಮಂಕು, ಇಟ್ಟರೆ ಬೆಳಕು. ಸಾಬರು ಬಗ್ಗಿ ತೋರಿಸಿದರು. ದೀಪದ ಹಿಂದಿನ ವೈರಿನ ರಬ್ಬರು ಸವೆದು ತಾಮ್ರ ಹಲ್ಲು ಕಿರಿಯುತ್ತಿತ್ತು. ಮಂಕರಿಯ ಅಂಚು ಅದನ್ನು ತಗಡಿಗೆ ಒತ್ತುತ್ತಿತ್ತು. ಒಂದು ಸಲ ಹುಣಸೆಹಣ್ಣು, ಒಂದು ಸಲ ರಾಗಿಹಿಟ್ಟು, ಒಂದು ಸಲ ಅವರೆಕಾಳು: ಮೂರು ಸಲವೂ ಅದೇ ಮಂಕರಿ, ಅದೇ ಮೂಲೆ. ಮೆಕ್ಯಾನಿಕ್ಕಿನ ಹತ್ತಿರ ಹೋಗುವಾಗ ಯಾರಾದರೂ ಡಿಕ್ಕಿಯಲ್ಲಿ ಅವರೆಕಾಳು ಇಟ್ಟುಕೊಂಡು ಹೋಗುತ್ತಾರೆಯೇ?

ಹಾಗೆ ನೋಡಿದರೆ ನನ್ನ ಕಾಕತಾಳೀಯವೂ ಬಿದ್ದುಹೋಯಿತು. ಕೊಂಬೆ ಮುರಿದದ್ದು ಕಾಗೆಯಿಂದಲೇ. ಆದರೆ ಅದರ ಕೊಕ್ಕಿನಲ್ಲಿ ನಮಗೆಂದೇ ತಂದ ಹಣ್ಣಿತ್ತು. ಅದನ್ನು ತಿಂದೇ ನಾವು ಕಾಗೆಯ ಶಕುನ ನೋಡುತ್ತಿದ್ದೆವು.

"ತಪ್ಪು ನಿಮ್ದೇ ಅಮ್ಮಾ," ಸಾಬರು ಟೇಪು ಸುತ್ತುತ್ತಾ ನಕ್ಕರು. "ಇಷ್ಟೊಂದ್ ತುಂಬ್ಕೊಂಡ್ ಬರ್ತಾರಾ ಯಾರಾದ್ರೂ?"

"ನಿಂಗೂ ನಾಲ್ಕು ತೆಕ್ಕೋ," ಎಂದಳು ಅತ್ತೆ. ಆಗ ಮಾತ್ರ ಅವಳ ಮುಖ ಅರಳಿತು.

ಮದುವೆಯ ಹಿಂದಿನ ದಿನ ಮುಸ್ಸಂಜೆ ಕಾರು ಮಾಲೂರಿನ ಛತ್ರದ ಮುಂದೆ ನಿಂತಿತು. ಹಿಂದಿನ ಸೀಟಿನಲ್ಲಿ ಪದ್ಮ, ಅವಳನ್ನು ಒತ್ತಿಕೊಂಡು ನಾಗತ್ತೆ. ಬೀಗರ ಕಡೆಯವರು ಬಾಗಿಲಲ್ಲಿ ನೆರೆದಿದ್ದರು. ಅಣ್ಣ ಇಳಿದವನು ನೇರ ಕಾರಿನ ಹಿಂದಕ್ಕೆ ಹೋಗಿ ಬಗ್ಗಿದ. ಎರಡೂ ಕೆಂಪು ದೀಪಗಳು ಉರಿಯುತ್ತಿದ್ದವು.

ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು: "ಏನ್ಲಾ, ಸರಿಯಾಗಿ ನೋಡ್ಕೋ! ನಾನಿನ್ನೂ ಒಳಗೇ ಇದೀನಿ!"

ಅಣ್ಣ ನೆಟ್ಟಗಾದ. ಡಿಕ್ಕಿ ತೆಗೆದ. ಮಂಕರಿಯನ್ನೆತ್ತಿ, ರೇಷ್ಮೆ ಅಂಗಿಯಲ್ಲೇ ತಲೆಯ ಮೇಲೆ ಹೊತ್ತು, ಬೀಗರೆಲ್ಲ ನೋಡುತ್ತಿದ್ದಂತೆ ಪದ್ಮಳೊಂದಿಗೆ ಇಳಿದ ಅತ್ತೆಯ ಹಿಂದೆ ಎರಡು ಹೆಜ್ಜೆ ಬಿಟ್ಟು ಛತ್ರದೊಳಕ್ಕೆ ನಡೆದ.