ಬೆಳಿಗ್ಗೆ ಏಳದ ಕಾರು

ನನ್ನ ಗಂಡ ಪ್ರಾಣ ಬಿಟ್ಟದ್ದು ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ, ತಮ್ಮ ತಾಯಿಯ ತೊಡೆಯ ಮೇಲೆ ತಲೆಯಿಟ್ಟು. ಅವರಿಗೆ ಎದೆನೋವು ಬಂದಾಗ ನಾನು ಹರಪನಹಳ್ಳಿಯ ತವರಿನಲ್ಲಿದ್ದೆ. ಕೊಟ್ಟೂರಿನ ನಮ್ಮ ಮನೆಯಿಂದ ಹಗರಿಬೊಮ್ಮನಹಳ್ಳಿ ಆಸ್ಪತ್ರೆಯವರೆಗೆ ಪಕ್ಕದ ಮನೆಯವರು ಕಾರು ಓಡಿಸಿದರು, ಅತ್ತೆ ಹಿಂದೆ ಮಗನನ್ನು ಹಿಡಿದುಕೊಂಡು ಕೂತಿದ್ದರು. ನಾನು ಬಂದು ಮುಖ ನೋಡುವಷ್ಟರಲ್ಲಿ ಹಣೆಗೆ ವಿಭೂತಿ ಹಚ್ಚಿ ಪಡಸಾಲೆಯಲ್ಲಿ ಕೂರಿಸಿಯಾಗಿತ್ತು.

ಆಮೇಲೆ ಹಠ ಹಿಡಿದು ಡ್ರೈವಿಂಗ್ ಕಲಿತೆ. ಬಾಗಳಿ ಹತ್ತಿರ ನಾನು ಪಾಠ ಮಾಡುವ ಶಾಲೆಗೆ ಬಸ್ಸಿಲ್ಲವೆಂದಲ್ಲ. ಅವರು ಹಿಡಿದ ಸ್ಟೀರಿಂಗನ್ನು ನಾನು ಹಿಡಿಯಬೇಕಿತ್ತು, ಅಷ್ಟೇ. ಯಾರಿಗೆ ಏನು ಅನಿಸಿದರೆ ನನಗೇನು!

ಕಾರು ಮಾತ್ರ ನನಗೆ ಬಗ್ಗಲಿಲ್ಲ. ಸಂಜೆ ತಂದು ಅಂಗಳದಲ್ಲಿ ನಿಲ್ಲಿಸಿ, ಧೂಳು ಕೂರದಂತೆ ಕವರ್ ಹೊದಿಸುತ್ತಿದ್ದೆ. ಎರಡು ಮೂರು ದಿನ ಸರಿಯಾಗಿ ಎದ್ದು, ಮತ್ತೊಂದು ಬೆಳಿಗ್ಗೆ ಕೀಲಿ ತಿರುವಿದರೆ ಟಿಕ್ ಟಿಕ್ ಎಂದು ಸುಮ್ಮನಾಗುತ್ತಿತ್ತು. ಓಣಿಯ ಗಂಡಸರು ಬಂದು ನೂಕಬೇಕು. ನೂಕುತ್ತಾ ಒಬ್ಬರು ಅಂದೇಬಿಟ್ಟರು, “ಯಜಮಾನ್ರು ಇನ್ನಾ ಇಳಿದಿಲ್ಲ ನೋಡ್ರಿ, ಅದಕ್ಕ ಇಷ್ಟು ಭಾರ ಐತಿ.” ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ?

ಬಸ್‌ಸ್ಟ್ಯಾಂಡ್ ಹತ್ತಿರದ ಆಟೋ ಎಲೆಕ್ಟ್ರಿಷಿಯನ್ ಮೊದಲು ಬ್ಯಾಟರಿಯೇ ಸತ್ತಿದೆ ಎಂದು ಹೊಸದು ಕೂರಿಸಿದ. ಅದೂ ಮಲಗಿತು. ಮ್ಯೂಸಿಕ್ ಸೆಟ್ಟಿನ ಮೇಲೆ ಗೂಬೆ ಕೂರಿಸಿ ಅದನ್ನು ಕಿತ್ತಿಟ್ಟ. ಪ್ರಯೋಜನವಾಗಲಿಲ್ಲ. ಕೊನೆಗೆ ಕರೆಂಟ್ ಎಲ್ಲಿ ಸೋರುತ್ತಿದೆಯೆಂದು ಬ್ಯಾಟರಿಯ ವೈರು ಬಿಚ್ಚಿ, ನಡುವೆ ಮೀಟರ್ ಇಟ್ಟು, ಒಂದೊಂದೇ ಫ್ಯೂಸ್ ಎಳೆದು ನೋಡಿದ. ಕಾರನ್ನು ಒಂದು ವಾರ ತನ್ನ ಶೆಡ್ಡಿನಲ್ಲೇ ಇಟ್ಟುಕೊಂಡ. ಅಲ್ಲಿ ಅದು ದಿನಾ ಬೆಳಿಗ್ಗೆ ಒಂದೇ ಏಟಿಗೆ ಏಳುತ್ತಿತ್ತಂತೆ.

“ಇಲ್ಲಿ ಕರೆಂಟ್ ಎಲ್ಲೂ ಸೋರವಲ್ದ್ರಿ ಟೀಚರ್. ನಿಮ್ಮ ಮನಿಯಾಗ ನಿಂತಾಗ ಏನೋ ಕುಡ್ಯಾಕ ಹತ್ತೈತಿ. ಕತ್ತಲಾದ ಕೂಡ್ಲೆ ಒಮ್ಮಿ ಕವರ್ ತಗದು ನೋಡ್ರಿ,” ಎಂದ. ಆಮೇಲೆ ದನಿ ತಗ್ಗಿಸಿದ. “ಅಣ್ಣಾರು ಇದರಾಗಲ್ರಿ ಹೋಗಿದ್ದು?”

“ನಿನಗ ಕೆಲಸ ಬರ್ಲಿಲ್ಲ ಅಂದ್ರ ಸತ್ತೋರ ಮ್ಯಾಲ ಯಾಕ ಹಾಕ್ತೀಯಪಾ?” ಎಂದು ಬೈದು ಕಾರು ತಂದೆ.

ನನ್ನ ಗಂಡನ ಅಣ್ಣ, ನಮ್ಮ ಭಾವ, ಒಂದೇ ಮಾತು ಹಿಡಿದರು. “ಸತ್ತಾಂವನ ಗಾಡಿ ಮನಿಯಾಗ ಬ್ಯಾಡವ್ವಾ. ತಮ್ಮಗ ಬಿಡುಗಡಿ ಆಗಿಲ್ಲ. ಕೂಡ್ಲಿಗಿಯಾಗ ಗಿರಾಕಿ ಅದಾನ, ಸೋಮವಾರ ಕರ್ಕೊಂಡು ಬರ್ತೀನಿ. ಅಷ್ಟರಾಗ ಸರಿ ಹೋದ್ರ ನಿಂದು, ಇಲ್ಲಾಂದ್ರ ಅವಂದು.” ನಾನು ಹೂಂ ಎನ್ನದೆ ಗತಿಯಿರಲಿಲ್ಲ.

ಕಾರು ಹೋದರೆ ನನಗೆ ಅವರು ಇನ್ನೊಮ್ಮೆ ಹೋದಂತೆ. ದೆವ್ವ ಭೂತ ನಂಬುವವಳಲ್ಲ ನಾನು. ಆದರೆ ಕಾರು ಏಳದ ಬೆಳಿಗ್ಗೆಗಳಲ್ಲಿ ಕನ್ನಡಿಯಲ್ಲಿ ನೋಡಿದರೆ, ಹಿಂದಿನ ಸೀಟಿನ ಬಟ್ಟೆ ಯಾರೋ ಈಗಷ್ಟೇ ಎದ್ದು ಹೋದಂತೆ ಮುದುಡಿರುತ್ತಿತ್ತು. ವಿಭೂತಿಯ ವಾಸನೆಯೂ ಬಂದಂತಾಗುತ್ತಿತ್ತು. ಹೆದರಿಕೆಯಾಗುತ್ತಿತ್ತು, ನಿಜ. ಆದರೆ ಹೆದರಿಕೆಗಿಂತ ಆಸೆಯೇ ದೊಡ್ಡದಿತ್ತು. ಅವರೇ ಕುಡಿಯುತ್ತಿದ್ದರೆ ಕುಡಿಯಲಿ, ಎಷ್ಟು ಬ್ಯಾಟರಿ ಬೇಕೋ ಅಷ್ಟು ಕುಡಿಯಲಿ ಅನಿಸುತ್ತಿತ್ತು.

ಭಾನುವಾರ ದೀಪ ಹಚ್ಚುವ ಹೊತ್ತು ದಾಟಿದ ಮೇಲೆ ಅಂಗಳಕ್ಕಿಳಿದೆ. ಕವರಿನೊಳಗೆ ಹಿಂದಿನ ಭಾಗದಲ್ಲಿ ಹಳದಿ ಬೆಳಕಿತ್ತು. “ರೀ...” ಎಂದೆ.

ಕವರ್ ಎತ್ತಿದೆ. ಸೀಟು ಖಾಲಿ. ಛಾವಣಿಯ ಸಣ್ಣ ದೀಪ ಉರಿಯುತ್ತಿತ್ತು. ಹಿಂದಿನ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಸಂದಿಗೆ ಯಾರೋ ಮಡಚಿದ ಬಟ್ಟೆ ಸಿಕ್ಕಿಸಿದ್ದರು. ಅಯ್ಯೋ ಶಿವನೇ, ಬಾಗಿಲು ತೆರೆದಿದ್ದರೆ ಈ ಹಳೇ ಕಾರಿನ ದೀಪ ಬೆಳಗಾಗುವವರೆಗೂ ಉರಿದು ಬ್ಯಾಟರಿ ಕುಡಿಯುತ್ತದೆ! ಬಟ್ಟೆ ಎಳೆಯಲು ಕೈ ಹಾಕಿದೆ.

“ಮುಚ್ಚಬ್ಯಾಡ ಯವ್ವಾ.” ಹಿಂದೆ ಅತ್ತೆ ನಿಂತಿದ್ದರು.

“ಯಾಕ್ರಿ ಅತ್ತಿ? ದಿನಾ ನೀವ ಹಿಂಗ ಮಾಡ್ತೀರೇನು?” ರೇಗಿಯೇ ಕೇಳಿದೆ.

“ಅವತ್ತು ಗಾಡಿ ಆಸ್ಪತ್ರಿ ಮುಂದ ನಿಂತ ಮ್ಯಾಲೂ ಅವಗ ಜೀವ ಇತ್ತು,” ಎಂದರು. “ಗಾಡಿ ಹೊಡದಾಂವ ಡಾಕ್ಟರ್ನ ಕರ್ಯಾಕ ಓಡಿದ. ಇವ ‘ಯವ್ವಾ, ಗಾಳಿ’ ಅಂದ. ನಾ ಬಾಗ್ಲಾ ತಗ್ಯಾಕ ಹೋದೆ, ಒಳಗಿಂದ ಬರವಲ್ದು. ಎಳದೆ, ಬಡದೆ, ಒದರಿದೆ. ಅಷ್ಟರಾಗ ಮುಗೀತು. ಜೀವ ಹೋಗೋ ಮುಂದ ಬಾಗ್ಲಾ ಹಾಕಬಾರ್ದು ಅಂತಾರ. ನನ್ನ ಮಗ ಒಳಗ ಸಿಕ್ಕೊಂಡಾನವ್ವಾ. ಅದಕ್ಕ ಹೊತ್ತು ಮುಳುಗಿದ ಮ್ಯಾಲ ತಗದು, ಸ್ವಲ್ಪ ಹೊತ್ತು ಕುಂತು ಬರ್ತೀನಿ. ಅಂಗಳಾ ಕಸ ಹೊಡ್ಯಾಕ ಎದ್ದಾಗ ಮುಚ್ಚತೀನಿ.”

ದಾರಿಯಲ್ಲೇ ಹೋದರೆಂದು ಎಲ್ಲರೂ ನನಗೆ ಹೇಳಿದ್ದರು. ಆ ಬಾಗಿಲು ಒಳಗಿಂದ ತೆರೆಯದಂತೆ ಲಾಕ್ ಹಾಕಿದ್ದವರು ನನ್ನ ಗಂಡನೇ, ಮಗಳು ಸಣ್ಣವಳಿದ್ದಾಗ ಓಡುವ ಕಾರಿನ ಬಾಗಿಲು ಎಳೆಯುತ್ತಿದ್ದಳೆಂದು. ಮಗಳು ಈಗ ದಾವಣಗೆರೆಯ ಹಾಸ್ಟೆಲಿನಲ್ಲಿದ್ದಾಳೆ. ಲಾಕ್ ಹಾಗೇ ಇತ್ತು.

ಬಾಗಿಲಿನ ಅಂಚಿನಲ್ಲಿದ್ದ ಆ ಲಾಕಿನ ಪುಟ್ಟ ಗುಂಡಿಯನ್ನು ಉಗುರಿನಿಂದ ಕೆಳಗೆ ಸರಿಸಿದೆ. ಅತ್ತೆಯನ್ನು ಒಳಗೆ ಕೂರಿಸಿ ಬಾಗಿಲು ಹಾಕಿದೆ. “ಈಗ ತಗೀರಿ,” ಎಂದೆ. ಎಳೆದರು. ತೆರೆಯಿತು. ತಾವೇ ಮುಚ್ಚಿ ಮತ್ತೆ ತೆರೆದರು, ಮತ್ತೆ ಮುಚ್ಚಿ ಮತ್ತೆ ತೆರೆದರು. ಆಮೇಲೆ ಪಕ್ಕದ ಸೀಟನ್ನು ಮೆಲ್ಲಗೆ ತಟ್ಟಿದರು. “ಏಳಪ್ಪಾ. ಇನ್ನ ಬಾಗ್ಲಾ ಬರತೈತಿ. ನಡಿ.”

ಇಳಿದು ಬಾಗಿಲನ್ನು ಗಟ್ಟಿಯಾಗಿ ಮುಚ್ಚಿದರು. ಒಳಗಿನ ದೀಪ ಆರಿತು. ಗಂಡನಿಗೆ ಹೋಗಬೇಡಿ ಎನ್ನಬೇಕೆಂದುಕೊಂಡೆ. ಅತ್ತೆಯ ಎದುರು ಕವರನ್ನಷ್ಟೇ ಎಳೆದು ಹೊದಿಸಿದೆ.

ಸೋಮವಾರ ಗಿರಾಕಿಯ ಎದುರೇ ಕಾರು ಒಂದೇ ಸಲಕ್ಕೆ ಎದ್ದಿತು. ಭಾವ ಮಾತಿಗೆ ತಪ್ಪಲಿಲ್ಲ, ಅವನನ್ನು ವಾಪಸ್ ಕಳಿಸಿದರು. ಗೆದ್ದೆನೆಂದು ಶಾಲೆಗೆ ಹೊರಟವಳು ದಾರಿಯಲ್ಲಿ ಕನ್ನಡಿ ನೋಡಿದೆ. ಹಿಂದೆ ಬರೀ ಸೀಟಿತ್ತು. ಗಾಡಿ ಪಕ್ಕಕ್ಕೆ ಹಾಕಿದೆ. ಅವರು ಹೋದ ದಿನವೂ ಬಾರದ ಅಳು ಅಲ್ಲಿ ಬಂತು.

ಅತ್ತೆ ಈಗ ಚೆನ್ನಾಗಿ ನಿದ್ದೆ ಮಾಡುತ್ತಾರೆ. ಕಾರೂ ತಪ್ಪದೆ ಏಳುತ್ತದೆ. ದಿನಾ ಬೆಳಿಗ್ಗೆ ಕೀಲಿ ತಿರುವುವ ಮೊದಲು ಮಾತ್ರ, ಇವತ್ತೊಂದು ದಿನ ಏಳದಿರಲಿ ಎಂದು ಬೇಡಿಕೊಳ್ಳುತ್ತೇನೆ.